ಹಾಪಿನ್ ಜಾನ್: ಅಲಸಂದೆ ಅನ್ನದ ಹಿಂದಿನ ಚರಿತ್ರೆ

ನಮ್ಮ ಅಡುಗೆಮನೆಗಳಲ್ಲಿ ಅಲಸಂದೆ ಕಾಳಿಗೆ ಅಂಥ ದೊಡ್ಡ ಸ್ಥಾನವೇನೂ ಇಲ್ಲ. ತೊಗರಿಬೇಳೆಯಂತೆ ಅದು ದಿನನಿತ್ಯ ಬೇಕಾದದ್ದಲ್ಲ. ಅವರೆಕಾಯಿಯಂತೆ ಜನ ಅದರ ಕಾಲಕ್ಕಾಗಿ ಕಾದು ಕೂರುವುದೂ ಇಲ್ಲ. ಮನೆಯಲ್ಲಿ ತರಕಾರಿ ಮುಗಿದ ದಿನ ಡಬ್ಬದಿಂದ ಎರಡು ಹಿಡಿ ಕಾಳು ತೆಗೆದು ನೆನೆಹಾಕಿದರೆ ಹುಳಿಗೋ ಉಸಲಿಗೋ ಆಯಿತು, ಅಷ್ಟೆ. ತಡಗುಣಿ, ಅಲಸಂಡೆ, ಅಲಸಂದಿ ಎಂದು ಸೀಮೆಗೊಂದು ಹೆಸರಿದ್ದರೂ ಅದು ಸದ್ದಿಲ್ಲದೆ ಬಂದು ಹೋಗುವ ಕಾಳು.

ಆದರೆ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಇದೇ ಕಾಳಿಗೆ ವರ್ಷದಲ್ಲಿ ಒಂದು ದಿನ ರಾಜಮರ್ಯಾದೆ. ಜನವರಿ 1ರಂದು ಅಲ್ಲಿನ ಲಕ್ಷಾಂತರ ಮನೆಗಳಲ್ಲಿ ಅಲಸಂದೆ ಮತ್ತು ಅಕ್ಕಿಯನ್ನು ಒಂದೇ ಪಾತ್ರೆಯಲ್ಲಿ ಬೇಯಿಸಿ ಉಣ್ಣುತ್ತಾರೆ. ಈ ಅಡುಗೆಯ ಹೆಸರು ‘ಹಾಪಿನ್ ಜಾನ್’. ಜೊತೆಗೆ ಬೇಯಿಸಿದ ಸೊಪ್ಪು ಇರಲೇಬೇಕು. ಕಾಳು ಎಂದರೆ ನಾಣ್ಯ, ಸೊಪ್ಪು ಎಂದರೆ ನೋಟು. ಎರಡನ್ನೂ ಉಂಡರೆ ವರ್ಷವಿಡೀ ಕೈಯಲ್ಲಿ ಕಾಸು ಓಡಾಡುತ್ತದೆ ಎಂಬುದು ಅವರ ನಂಬಿಕೆ. ನಮ್ಮ ಯುಗಾದಿಗೆ ಬೇವು-ಬೆಲ್ಲ ಇದ್ದಂತೆ ಎನ್ನಬಹುದು.

ಹೀಗೆ ಶುಭದ ಊಟವಾಗಿರುವ ಈ ಅನ್ನ ಅಮೆರಿಕಕ್ಕೆ ಬಂದದ್ದು ಮಾತ್ರ ಶುಭ ಗಳಿಗೆಯಲ್ಲಲ್ಲ. ಅದು ಬಂದದ್ದು ಗುಲಾಮರ ಹಡಗುಗಳ ಜೊತೆಯಲ್ಲಿ.

ಕಾಳಿನ ತವರು

ಅಲಸಂದೆಯ ತವರು ಆಫ್ರಿಕಾ. ಪಶ್ಚಿಮ ಆಫ್ರಿಕಾದ ಘಾನಾದಲ್ಲಿ ಉತ್ಖನನ ನಡೆಸಿದ ಪುರಾತತ್ತ್ವಜ್ಞರಿಗೆ ಮೂರೂವರೆ ಸಾವಿರ ವರ್ಷಗಳಷ್ಟು ಹಳೆಯ ಸುಟ್ಟ ಅಲಸಂದೆ ಕಾಳುಗಳು ಸಿಕ್ಕಿವೆ. ಅಲ್ಲಿಂದ ಅದು ಭಾರತಕ್ಕೆ ಬಂದು ಮೂರು ಸಾವಿರ ವರ್ಷಗಳಿಗೂ ಹೆಚ್ಚಾಯಿತು. ನಾವು ಅಪ್ಪಟ ನಮ್ಮದೆಂದು ತಿಳಿದಿರುವ ರಾಗಿ ಮತ್ತು ಜೋಳಗಳೂ ಇದೇ ಖಂಡದಿಂದ ಬಂದವು. ಹಾಗಾಗಿ ಕನ್ನಡಿಗರ ಮುದ್ದೆ, ರೊಟ್ಟಿಗಳಿಗೂ ಅಮೆರಿಕದ ಈ ಅನ್ನಕ್ಕೂ ದೂರದ ಒಂದು ನಂಟಿದೆ.

ಭತ್ತದ ವಿಷಯದಲ್ಲೂ ಆಫ್ರಿಕಾ ಯಾರಿಗೂ ಸಾಲಗಾರನಲ್ಲ. ಏಷ್ಯಾದ ಭತ್ತಕ್ಕಿಂತ ಬೇರೆಯಾದ ತಳಿಯೊಂದನ್ನು ನೈಜರ್ ನದಿಯ ಬಯಲಿನ ರೈತರು ಸುಮಾರು ಮೂರು ಸಾವಿರ ವರ್ಷಗಳ ಹಿಂದೆಯೇ ಸ್ವತಂತ್ರವಾಗಿ ಪಳಗಿಸಿದ್ದರು. ಸೆನೆಗಲ್‌ನಿಂದ ಸಿಯೆರಾ ಲಿಯೋನ್‌ವರೆಗಿನ ಕರಾವಳಿಯಲ್ಲಿ ಭತ್ತವೇ ಮುಖ್ಯ ಬೆಳೆ. ಅಕ್ಕಿ ಮತ್ತು ಅಲಸಂದೆಯನ್ನು ಕೂಡಿಸಿ ಬೇಯಿಸುವುದು ಪಶ್ಚಿಮ ಆಫ್ರಿಕಾದಲ್ಲಿ ಇಂದಿಗೂ ರೂಢಿಯಲ್ಲಿದೆ. ಘಾನಾದ ಬೀದಿಗಳಲ್ಲಿ ಬೆಳಗಿನ ಹೊತ್ತು ಮಾರುವ ‘ವಾಚೆ’ ಎಂಬ ಅನ್ನ ಇಂಥದ್ದೇ. ಪಾತ್ರೆಗೆ ಜೋಳದ ಒಣ ಎಲೆಗಳನ್ನು ಹಾಕುವುದರಿಂದ ಅದಕ್ಕೆ ಕೆಂಪು ಬಣ್ಣ ಬರುತ್ತದೆ.

ಕಾಳು ಮತ್ತು ಅಕ್ಕಿಯ ಜೋಡಿ ಇಷ್ಟು ದೇಶಗಳಲ್ಲಿ ಗಟ್ಟಿಯಾಗಿ ನಿಂತಿರುವುದಕ್ಕೆ ಕಾರಣವಿದೆ. ಅಕ್ಕಿಯ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ, ಕಾಳಿನಲ್ಲಿ ಅದು ಧಾರಾಳ. ಕಾಳಿನಲ್ಲಿ ಕಡಿಮೆಯಿರುವ ಮೆಥಿಯೋನಿನ್ ಅಕ್ಕಿಯಲ್ಲಿ ದೊರೆಯುತ್ತದೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಮಾಂಸ ಕೊಳ್ಳಲಾಗದ ಬಡವನಿಗೆ ಇದಕ್ಕಿಂತ ಅಗ್ಗದ ಪೂರ್ಣಾಹಾರ ಬೇರೊಂದಿಲ್ಲ. ನಮ್ಮ ಹುಗ್ಗಿ, ಪೊಂಗಲ್, ಬಿಸಿಬೇಳೆ ಬಾತ್‌ಗಳೂ ಇದೇ ಲೆಕ್ಕಾಚಾರದ ಮೇಲೆ ನಿಂತಿವೆ.

ಗದ್ದೆ ಕಟ್ಟಿದವರು ಯಾರು?

ಇಂಗ್ಲಿಷರು ಇಂದಿನ ದಕ್ಷಿಣ ಕೆರೊಲಿನಾದಲ್ಲಿ ಚಾರ್ಲ್ಸ್‌ಟನ್ ಪಟ್ಟಣವನ್ನು ಸ್ಥಾಪಿಸಿದ್ದು 1670ರಲ್ಲಿ. ಆ ಶತಮಾನದ ಕೊನೆಯ ಹೊತ್ತಿಗೆ ಅಲ್ಲಿ ಭತ್ತ ಬೇರೂರಿತು. ಮಡಗಾಸ್ಕರ್‌ನಿಂದ ಬಂದ ಹಡಗಿನ ಕಪ್ತಾನನೊಬ್ಬ ಬೀಜದ ಭತ್ತ ಕೊಟ್ಟ, ಬಿಳಿಯ ಜಮೀನುದಾರರು ಜಾಣ್ಮೆಯಿಂದ ಅದನ್ನು ಬೆಳೆದು ಸಿರಿವಂತರಾದರು ಎಂಬ ಕತೆಯನ್ನು ಅಲ್ಲಿನ ಪುಸ್ತಕಗಳು ಬಹುಕಾಲ ಹೇಳಿಕೊಂಡು ಬಂದವು. ಇಂಗ್ಲೆಂಡಿನಿಂದ ಬಂದ ಆ ಜನಕ್ಕೆ ಗದ್ದೆಯ ಕೆಲಸ ಗೊತ್ತಿದ್ದದ್ದಾದರೂ ಎಲ್ಲಿಂದ ಎಂಬ ಪ್ರಶ್ನೆಯನ್ನು ಕೇಳಿದವರು ಕಡಿಮೆ.

ಆ ಪ್ರಶ್ನೆಯನ್ನು ಗಂಭೀರವಾಗಿ ಎತ್ತಿದವರು ಇತಿಹಾಸಕಾರ ಪೀಟರ್ ವುಡ್. 1974ರಲ್ಲಿ ಪ್ರಕಟವಾದ ‘ಬ್ಲ್ಯಾಕ್ ಮೆಜಾರಿಟಿ’ ಎಂಬ ಗ್ರಂಥದಲ್ಲಿ ಅವರು, ಭತ್ತದ ವಿದ್ಯೆ ಬಲ್ಲವರು ಗುಲಾಮರೇ ಇರಬೇಕೆಂದು ವಾದಿಸಿದರು. 1708ರ ಸುಮಾರಿಗೇ ದಕ್ಷಿಣ ಕೆರೊಲಿನಾದಲ್ಲಿ ಬಿಳಿಯರಿಗಿಂತ ಕರಿಯರ ಸಂಖ್ಯೆ ಹೆಚ್ಚಾಗಿತ್ತು. ಗುಲಾಮರ ಹರಾಜಿನ ಜಾಹೀರಾತುಗಳಲ್ಲಿ ಅವರು ‘ಅಕ್ಕಿಯ ಕರಾವಳಿ’ಯಿಂದ ಬಂದವರೆಂದು ವರ್ತಕರು ವಿಶೇಷವಾಗಿ ಸಾರುತ್ತಿದ್ದರು. 2001ರಲ್ಲಿ ಭೂಗೋಳ ವಿದ್ವಾಂಸೆ ಜೂಡಿತ್ ಕಾರ್ನಿ ‘ಬ್ಲ್ಯಾಕ್ ರೈಸ್’ ಗ್ರಂಥದಲ್ಲಿ ಈ ವಾದವನ್ನು ಇನ್ನಷ್ಟು ವಿಸ್ತರಿಸಿದರು.

ಕುಮಟಾ ಬಳಿಯ ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳನ್ನು ಕಂಡವರಿಗೆ ಕೆರೊಲಿನಾದ ಗದ್ದೆಗಳ ಕಲ್ಪನೆ ಸುಲಭವಾಗಿ ಬರುತ್ತದೆ. ಸಮುದ್ರ ಉಬ್ಬರಿಸಿದಾಗ ನದಿಯ ಸಿಹಿನೀರು ಹಿಂದಕ್ಕೆ ಒತ್ತಿ ಏರುತ್ತದೆ. ದಂಡೆ ಕಟ್ಟಿ, ಅದರಲ್ಲಿ ಮರದ ಬಾಗಿಲಿಟ್ಟು, ಬೇಕಾದಾಗ ಸಿಹಿನೀರನ್ನು ಒಳಗೆ ಬಿಟ್ಟುಕೊಂಡು ಇಳಿತದ ವೇಳೆ ಹೊರಗೆ ಬಿಡಬೇಕು. ಉಪ್ಪುನೀರು ನುಗ್ಗಿದರೆ ಬೆಳೆ ಹಾಳು. ಉಬ್ಬರವಿಳಿತಕ್ಕೆ ಹೊಂದಿಕೊಂಡ ಇಂಥ ದಂಡೆಯ ಗದ್ದೆಗಳು ಪಶ್ಚಿಮ ಆಫ್ರಿಕಾದ ಕರಾವಳಿಯಲ್ಲೂ ಇದ್ದವು. ಭತ್ತವನ್ನು ಮರದ ಒರಳಿನಲ್ಲಿ ಒನಕೆಯಿಂದ ಕುಟ್ಟುವುದು, ಹುಲ್ಲಿನಿಂದ ಹೆಣೆದ ಅಗಲವಾದ ಮೊರದಲ್ಲಿ ಕೇರುವುದು ಆಫ್ರಿಕಾದ ಹೆಂಗಸರ ಕೆಲಸ. ಕೆರೊಲಿನಾದಲ್ಲೂ ಹಾಗೆಯೇ ನಡೆಯಿತು. ಆ ಮೊರಗಳನ್ನು ಹೆಣೆಯುವ ಕಸಬು ಚಾರ್ಲ್ಸ್‌ಟನ್ ಸುತ್ತಮುತ್ತ ಇಂದಿಗೂ ಜೀವಂತವಾಗಿದೆ.

ಈ ವಾದಕ್ಕೆ ಆಕ್ಷೇಪವೂ ಇದೆ. ಡೇವಿಡ್ ಎಲ್ಟಿಸ್ ಮತ್ತು ಸಂಗಡಿಗರು ಹಡಗುಗಳ ದಾಖಲೆಗಳನ್ನು ಲೆಕ್ಕ ಹಾಕಿ 2007ರಲ್ಲಿ ಬರೆದ ಲೇಖನದಲ್ಲಿ, ಗುಲಾಮರಲ್ಲಿ ಭತ್ತದ ಸೀಮೆಯಿಂದ ಬಂದವರೇ ಹೆಚ್ಚೆನ್ನಲು ಆಧಾರ ಸಾಲದು, ಜಮೀನುದಾರರ ಪ್ರಯೋಗಗಳನ್ನೂ ಮರೆಯಬಾರದು ಎಂದರು. ಕೆರೊಲಿನಾಕ್ಕೆ ಹೆಸರು ತಂದ ‘ಕೆರೊಲಿನಾ ಗೋಲ್ಡ್’ ತಳಿ ಕೂಡ ಆಫ್ರಿಕಾದ ಭತ್ತವಲ್ಲ, ಏಷ್ಯಾದ ಭತ್ತದ ಜಾತಿಗೆ ಸೇರಿದ್ದು. ವಿದ್ಯೆಯಲ್ಲಿ ಯಾರ ಪಾಲೆಷ್ಟು ಎಂಬ ಚರ್ಚೆ ಏನೇ ಇರಲಿ, ಸೊಳ್ಳೆ, ಹಾವು, ಮಲೇರಿಯಾಗಳ ನಡುವೆ ಮೊಣಕಾಲುದ್ದದ ಕೆಸರಿನಲ್ಲಿ ನಿಂತು ಮೈಲಿಗಟ್ಟಲೆ ದಂಡೆ ಕಟ್ಟಿದವರು ಗುಲಾಮರು ಎಂಬುದರಲ್ಲಿ ಎರಡು ಮಾತಿಲ್ಲ. ಇಡೀ ಅಕ್ಕಿ ಯೂರೋಪಿಗೆ ರಫ್ತಾಗುತ್ತಿತ್ತು. ಕುಟ್ಟುವಾಗ ಮುರಿದ ನುಚ್ಚಕ್ಕಿ ಊರಿನಲ್ಲಿ ಉಳಿಯುತ್ತಿತ್ತು.

ಒಂದು ಪಾತ್ರೆಯ ಅಡುಗೆ

ಹಾಪಿನ್ ಜಾನ್ ಮಾಡುವ ವಿಧಾನ 1847ರಲ್ಲಿ ಪ್ರಕಟವಾದ ‘ದಿ ಕೆರೊಲಿನಾ ಹೌಸ್‌ವೈಫ್’ ಎಂಬ ಅಡುಗೆ ಪುಸ್ತಕದಲ್ಲಿ ಸಿಗುತ್ತದೆ. ಸುಮಾರು ಅರ್ಧ ಲೀಟರ್ ಅಳತೆಯ ಕೆಂಪು ಅಲಸಂದೆ, ಅಷ್ಟೇ ಅಕ್ಕಿ, ಅರ್ಧ ಕಿಲೋದಷ್ಟು ಉಪ್ಪು ಹಾಕಿ ಒಣಗಿಸಿದ ಹಂದಿಮಾಂಸ. ಮೊದಲು ಒಂದು ಲೀಟರಿನಷ್ಟು ನೀರಿನಲ್ಲಿ ಕಾಳು ಬೇಯಬೇಕು. ಅರೆಬೆಂದಾಗ ಮಾಂಸ. ಕಾಳು ಚೆನ್ನಾಗಿ ಬೆಂದ ಮೇಲೆ, ಕಲ್ಲು ಆರಿಸಿ ತೊಳೆದ ಅಕ್ಕಿ. ಅರ್ಧ ಗಂಟೆ ಕುದಿಸಿ, ಪಾತ್ರೆಯನ್ನು ಉರಿಯಿಂದ ಇಳಿಸಿ, ಕೆಂಡದ ಮೇಲಿಟ್ಟು ಹಬೆಯಲ್ಲಿ ಅರಳಲು ಬಿಡಬೇಕು. ರುಚಿಗೆ ಉಪ್ಪು, ಮೆಣಸು. ಇಷ್ಟವಿದ್ದರೆ ಒಂದೆಳೆ ಪುದೀನ.

ಕಾಳು ಬೆಂದ ನೀರನ್ನು ಚೆಲ್ಲದೆ ಅದರಲ್ಲೇ ಅಕ್ಕಿ ಬೇಯಿಸುವುದು ಈ ಅಡುಗೆಯ ಗುಟ್ಟು. ಆ ಕಟ್ಟಿನ ಬಣ್ಣ, ರುಚಿ ಎರಡೂ ಅಕ್ಕಿಗೆ ಇಳಿಯುತ್ತದೆ. ಆದರೂ ಅನ್ನ ಮುದ್ದೆಯಾಗದೆ ಉದುರುದುರಾಗಿ ನಿಲ್ಲಬೇಕು. ನಮ್ಮ ಹುಗ್ಗಿಗೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ.

ಪುಸ್ತಕದ ಮೇಲೆ ಲೇಖಕಿಯ ಹೆಸರಿರಲಿಲ್ಲ. ‘ಚಾರ್ಲ್ಸ್‌ಟನ್ನಿನ ಒಬ್ಬ ಮಹಿಳೆ’ ಎಂದಷ್ಟೇ ಇತ್ತು. ಆಕೆ ಸಾರಾ ರಟ್ಲೆಜ್, ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ ಎಡ್ವರ್ಡ್ ರಟ್ಲೆಜ್ ಅವರ ಮಗಳು ಎಂಬುದು ಇಂದು ಎಲ್ಲರಿಗೂ ತಿಳಿದಿದೆ. ಆದರೆ ಅಂಥ ಮನೆಗಳಲ್ಲಿ ಒಲೆಯ ಮುಂದೆ ನಿಂತು ಬೇಯಿಸುತ್ತಿದ್ದವರು ಗುಲಾಮರು. ಓದು-ಬರಹ ಕಲಿಸುವುದೇ ಅಪರಾಧವಾಗಿದ್ದ ಆ ಕಾಲದಲ್ಲಿ ಅವರು ಪುಸ್ತಕ ಬರೆಯುವುದು ಎಲ್ಲಿಯ ಮಾತು? ಹೆಸರು ಮರೆಸಿಕೊಂಡ ಯಜಮಾನಿಯ ಹೆಸರು ಉಳಿಯಿತು. ಬೇಯಿಸಿದವರಲ್ಲಿ ಬಹುಪಾಲು ಜನರ ಹೆಸರು ಉಳಿಯಲಿಲ್ಲ.

ಹಾಪಿನ್ ಜಾನ್ ಎಂಬ ಹೆಸರಿಗೂ ಹಲವು ವಿವರಣೆಗಳಿವೆ. ಕುಂಟುತ್ತಾ ಬಂದು ಈ ಅನ್ನ ಮಾರುತ್ತಿದ್ದ ಜಾನ್ ಎಂಬುವನ ಹೆಸರು ಎನ್ನುವವರಿದ್ದಾರೆ. ತೊಗರಿಕಾಳಿಗೆ ಕೆರಿಬಿಯನ್ ದ್ವೀಪಗಳ ಫ್ರೆಂಚರು ಹೇಳುತ್ತಿದ್ದ ‘ಪ್ವಾ ಪಿಜೋಂ’ ಹೀಗೆ ತಿರುಚಿಕೊಂಡಿತು ಎನ್ನುವವರೂ ಇದ್ದಾರೆ. ಕೆರೊಲಿನಾದ ಅಕ್ಕಿ ಅಡುಗೆಯ ಆಫ್ರಿಕನ್ ಮೂಲಗಳ ಬಗ್ಗೆ 1992ರಲ್ಲಿ ಗ್ರಂಥ ಪ್ರಕಟಿಸಿದ ಕ್ಯಾರೆನ್ ಹೆಸ್ ಅವರ ಊಹೆಯಂತೂ ನಮ್ಮ ಕಿವಿ ನಿಮಿರಿಸುವಂಥದ್ದು. ಅವರ ಪ್ರಕಾರ ಇದರಲ್ಲಿ ಅನ್ನ ಎಂಬರ್ಥದ ‘ಭಾತ್’ ಮತ್ತು ಕಾಳು ಎಂಬರ್ಥದ ಮಲಯ ಮಾತು ‘ಕಚಾಂಗ್’ ಅಡಗಿವೆ. ನಮ್ಮ ವಾಂಗಿಬಾತಿನ ‘ಬಾತ್’ ಕೂಡ ಅದೇ ಮಾತು. ಈ ಊಹೆಯನ್ನು ವಿದ್ವಾಂಸರೆಲ್ಲ ಒಪ್ಪಿಲ್ಲ.

ಜನವರಿ 1ರ ಎರಡು ಮುಖ

ಗುಲಾಮಗಿರಿಯ ಕಾಲದಲ್ಲಿ ಹೊಸ ವರ್ಷದ ಮೊದಲ ದಿನ ಭಯದ ದಿನವಾಗಿತ್ತು. ಒಡೆಯರು ಸಾಲದ ಲೆಕ್ಕ ತೀರಿಸಿಕೊಳ್ಳುತ್ತಿದ್ದುದು, ಗುಲಾಮರನ್ನು ವರ್ಷದ ಕರಾರಿಗೆ ಬೇರೆಯವರಿಗೆ ಬಾಡಿಗೆ ಕೊಡುತ್ತಿದ್ದುದು ಅಥವಾ ಮಾರುತ್ತಿದ್ದುದು ಅಂದೇ. ತಾಯಿ ಒಂದು ಕಡೆ, ಮಕ್ಕಳು ಇನ್ನೊಂದು ಕಡೆ ಹೋಗಬೇಕಾಗುತ್ತಿತ್ತು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಹ್ಯಾರಿಯೆಟ್ ಜೇಕಬ್ಸ್ 1861ರಲ್ಲಿ ಪ್ರಕಟಿಸಿದ ಆತ್ಮಕತೆಯಲ್ಲಿ ಈ ದಿನದ ಸಂಕಟಕ್ಕಾಗಿಯೇ ಒಂದು ಅಧ್ಯಾಯ ಮೀಸಲಿಟ್ಟಿದ್ದಾರೆ.

ಎರಡು ವರ್ಷಗಳ ಬಳಿಕ, 1863ರ ಜನವರಿ 1ರಂದು, ಅಧ್ಯಕ್ಷ ಲಿಂಕನ್ ಅವರ ಬಿಡುಗಡೆ ಘೋಷಣೆ ಜಾರಿಗೆ ಬಂತು. ದಕ್ಷಿಣ ಕೆರೊಲಿನಾದ ಪೋರ್ಟ್ ರಾಯಲ್ ಬಳಿ ಸಾವಿರಾರು ಕರಿಯ ಜನರ ಮುಂದೆ ಅದನ್ನು ಓದಲಾಯಿತು. ಅಗಲಿಕೆಯ ದಿನವೇ ಬಿಡುಗಡೆಯ ದಿನವಾಯಿತು. ಕರಿಯರ ಮನೆಗಳಲ್ಲಿ ಅಂದು ಅಲಸಂದೆ ಅನ್ನ ಬೇಯಿಸುವುದು ಅದೃಷ್ಟಕ್ಕಾಗಿ ಮಾತ್ರವಲ್ಲ ಎಂದು ಅರ್ಥ ಮಾಡಿಕೊಳ್ಳಲು ಇಷ್ಟು ಸಾಕು.

ಕೂಲಿಯಿಲ್ಲದ ದುಡಿಮೆ ನಿಂತ ಮೇಲೆ ಕೆರೊಲಿನಾದ ಭತ್ತದ ಸಾಮ್ರಾಜ್ಯವೂ ಕುಸಿಯಿತು. ಲೂಸಿಯಾನಾ, ಟೆಕ್ಸಾಸ್‌ಗಳಲ್ಲಿ ಯಂತ್ರದ ಬೇಸಾಯ ಬಂತು. 1893 ಮತ್ತು 1911ರ ಚಂಡಮಾರುತಗಳು ದಂಡೆಗಳನ್ನು ಒಡೆದವು. 1920ರ ದಶಕದ ಹೊತ್ತಿಗೆ ವಾಣಿಜ್ಯ ಬೇಸಾಯ ಹೆಚ್ಚುಕಡಿಮೆ ನಿಂತೇಹೋಯಿತು. 1980ರ ದಶಕದಲ್ಲಿ ಸವಾನಾ ನಗರದ ನೇತ್ರವೈದ್ಯ ರಿಚರ್ಡ್ ಶುಲ್ಜ್ ಸರ್ಕಾರಿ ಬೀಜಸಂಗ್ರಹದಿಂದ ಕೆರೊಲಿನಾ ಗೋಲ್ಡ್ ತರಿಸಿ ಮತ್ತೆ ಬೆಳೆದರು. ಇಂದು ಅದು ದುಬಾರಿ ಅಕ್ಕಿ; ದೊಡ್ಡ ಹೋಟೆಲುಗಳ ಊಟದ ಪಟ್ಟಿಯಲ್ಲಿ ಅದರ ಹೆಸರಿರುತ್ತದೆ.

ಆ ಗದ್ದೆಗಳಲ್ಲಿ ದುಡಿದವರ ವಂಶಸ್ಥರು ‘ಗಲ್ಲಾ ಗೀಚಿ’ ಎಂದು ಕರೆಸಿಕೊಳ್ಳುವ ಸಮುದಾಯ. ಅವರಿಗೆ ತಮ್ಮದೇ ಮಾತು, ಹಾಡು, ಅಡುಗೆ ಇವೆ. 2006ರಲ್ಲಿ ಅಮೆರಿಕದ ಸಂಸತ್ತು ಅವರು ನೆಲೆಸಿರುವ ಕರಾವಳಿಯನ್ನು ಪಾರಂಪರಿಕ ಪ್ರದೇಶವೆಂದು ಘೋಷಿಸಿತು. 2023ರಲ್ಲಿ ಚಾರ್ಲ್ಸ್‌ಟನ್ನಿನ ಹಳೆಯ ಗುಲಾಮ ಧಕ್ಕೆಯ ಜಾಗದಲ್ಲೇ ಆಫ್ರಿಕನ್ ಅಮೆರಿಕನ್ನರ ವಸ್ತುಸಂಗ್ರಹಾಲಯ ತೆರೆಯಿತು. ಇಷ್ಟಾದರೂ ಪ್ರವಾಸಿಗರ ವಿಹಾರಧಾಮಗಳಿಗಾಗಿ ಈ ಜನರ ಭೂಮಿ ಕೈಬಿಟ್ಟುಹೋಗುವುದು ನಿಂತಿಲ್ಲ. ಅಕ್ಕಿಗೆ ಮರ್ಯಾದೆ ಮರಳಿತು. ಬೆಳೆದವರ ಮೊಮ್ಮಕ್ಕಳಿಗೆ ನೆಲ ಉಳಿಯುತ್ತದೆಯೇ ಎಂಬುದೇ ಅಲ್ಲಿನವರ ಇಂದಿನ ಚಿಂತೆ.

ಹಾಪಿನ್ ಜಾನ್ ರುಚಿ ನೋಡಲು ಅಮೆರಿಕಕ್ಕೆ ಹೋಗಬೇಕಿಲ್ಲ. ಒಂದು ಲೋಟ ಅಲಸಂದೆ ನೆನೆಸಿ, ಈರುಳ್ಳಿ ಮತ್ತು ಮೆಣಸಿನ ಜೊತೆ ಬೇಯಿಸಿ, ಆ ಕಟ್ಟಿನಲ್ಲೇ ಒಂದು ಲೋಟ ಅಕ್ಕಿ ಹಾಕಿ, ನೀರಿಂಗಿದ ಮೇಲೆ ಮುಚ್ಚಳ ತೆಗೆಯದೆ ಹತ್ತು ನಿಮಿಷ ಬಿಟ್ಟರೆ ಆಯಿತು. ಮಾಂಸ ಬೇಡದವರು ಒಂದು ಚಮಚ ತುಪ್ಪ ಹಾಕಿಕೊಳ್ಳಬಹುದು. ಮಕ್ಕಳು ಇದೇನು ಹೊಸ ಅನ್ನ ಎಂದು ಕೇಳಿದರೆ, ಹೇಳಲು ಕತೆಯಂತೂ ಇದೆ.