ಅಶೋಕನ ಶಾಸನಗಳೂ ಐವರು ಯವನರಾಜರೂ

ಬೀದರಿಗೆ ದಕ್ಷಿಣದಲ್ಲಿ, ಕಲಬುರಗಿ ಜಿಲ್ಲೆಯ ಭೀಮಾತೀರದಲ್ಲಿ, ಚಂದ್ರಲಾಂಬೆಯ ಕ್ಷೇತ್ರವಾದ ಸನ್ನತಿಯಿರುವುದು. ೧೯೮೬ರಲ್ಲಿ ಅಲ್ಲಿಯ ಕಾಳೀಗುಡಿಯ ಮಾಳಿಗೆಯು ಕುಸಿದು ಮೂರ್ತಿಯು ಭಗ್ನವಾಯಿತು. ಅದಕ್ಕೆ ಪೀಠವಾಗಿದ್ದ ಚಪ್ಪಡಿಯು ಅಶೋಕನ ಶಾಸನವೆಂದು ಕೆಲಕಾಲದ ಮೇಲೆ ತಿಳಿದುಬಂದಿತು. ಚಪ್ಪಡಿಯ ಒಂದು ಮುಖದಲ್ಲಿ ಹನ್ನೆರಡನೆಯ ಶಾಸನದ ಹಿಂದೆಯೇ ಹದಿನಾಲ್ಕನೆಯದನ್ನು ಕೆತ್ತಿದೆ, ಹದಿಮೂರನೆಯದನ್ನು ಬಿಟ್ಟಿದೆ. ಬಿಟ್ಟುಹೋದುದೇ ಎಲ್ಲಕ್ಕೂ ಮುಖ್ಯವಾದುದು.

ಕಳಿಂಗಯುದ್ಧದಲ್ಲಿ ಒಂದು ಲಕ್ಷ ಜನರು ಹತರಾದುದನ್ನೂ ಒಂದೂವರೆ ಲಕ್ಷ ಜನರು ಸೆರೆಯೊಯ್ಯಲ್ಪಟ್ಟುದನ್ನೂ ಹೇಳಿ ಚಕ್ರವರ್ತಿಯು ಪರಿತಪಿಸುವುದು ಆ ಹದಿಮೂರನೆಯ ಶಾಸನದಲ್ಲಿಯೇ. ನೊಂದ ಪ್ರಜೆಗಳ ಮುಂದೆ ಆ ಲೆಕ್ಕವನ್ನು ಓದಿಸಬಾರದೆಂದೋ ಏನೋ, ಕಳಿಂಗದ ಧೌಲಿ ಜೌಗಡಗಳಲ್ಲಿ ಅದನ್ನು ಕೆತ್ತಿಸದೆ, ಪ್ರಜೆಗಳೆಲ್ಲರೂ ತನ್ನ ಮಕ್ಕಳೆಂದು ಅಧಿಕಾರಿಗಳಿಗೆ ತಿಳಿಸುವ ಬೇರೆ ಶಾಸನಗಳನ್ನು ಹಾಕಿಸಿದನು. ಸನ್ನತಿಯ ಚಪ್ಪಡಿಯ ಇನ್ನೊಂದು ಮುಖದಲ್ಲಿರುವುವೂ ಅವೇ. ಕಳಿಂಗಕ್ಕೆ ಇಷ್ಟು ದೂರವಾದ ಭೀಮಾತೀರದಲ್ಲಿಯೂ ರಕ್ತಪಾತವಾಗಿತ್ತೆ, ಅಥವಾ ಕಳಿಂಗಕ್ಕೆಂದು ಬರೆದ ಪ್ರತಿಯೇ ಇತ್ತ ಬಂದಿತೆ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ.

ಅದೇ ಹದಿಮೂರನೆಯ ಶಾಸನವು ಐವರು ಯವನರಾಜರನ್ನು ಹೆಸರಿಸುತ್ತದೆ: ಅಂತಿಯೋಕ, ತುರಮಾಯ, ಅಂತಿಕಿನಿ, ಮಕ, ಅಲಿಕಸುದರ. ಕ್ರಿ. ಪೂ. ೩೨೩ರಲ್ಲಿ ಅಲೆಗ್ಜಾಂಡರನು ಮಡಿಯಲು ಆತನ ದಂಡನಾಯಕರು ರಾಜ್ಯವನ್ನು ಹರಿದು ಹಂಚಿಕೊಂಡರಷ್ಟೆ. ಅವರಲ್ಲಿ ಸೆಲ್ಯೂಕಸನು ಚಂದ್ರಗುಪ್ತಮೌರ್ಯನೊಡನೆ ಸಂಧಿ ಮಾಡಿಕೊಂಡು ಐನೂರು ಆನೆಗಳನ್ನು ಪಡೆದನು. ಅಂತಿಯೋಕನು, ಎಂದರೆ ಸಿರಿಯಾದ ಎರಡನೆಯ ಆಂಟಿಯೋಕಸನು (೨೬೧–೨೪೬), ಆ ಸೆಲ್ಯೂಕಸನ ಮೊಮ್ಮಗ; ಅಶೋಕನು ಚಂದ್ರಗುಪ್ತನ ಮೊಮ್ಮಗ. ತುರಮಾಯನು ಈಜಿಪ್ಟಿನ ಎರಡನೆಯ ಟಾಲೆಮಿ. ಈತನು ದಿಯೊನೀಸಿಯಸನೆಂಬ ದೂತನನ್ನು ಹಿಂದೂದೇಶಕ್ಕೆ ಕಳುಹಿಸಿದ್ದನೆಂದು ರೋಮಿನ ಪ್ಲಿನಿಯು ಹೇಳುತ್ತಾನೆ. ಅಂತಿಕಿನಿಯು ಮ್ಯಾಸಿಡೋನಿಯದ ಆಂಟಿಗೋನಸ್ ಗೊನಾಟಸ್. ಮಕನು ಸೈರೀನಿಯ ಮಗಸ್. ಟಾಲೆಮಿಗೆ ಮಲ ಅಣ್ಣನಾಗಿದ್ದೂ ಆತನ ಮೇಲೆ ದಂಗೆಯೆದ್ದು ಸ್ವತಂತ್ರನಾದವನು. ಕಡೆಯವನು ಎಪಿರಸಿನ ಅಲೆಗ್ಜಾಂಡರನೆಂದು ಹಲವರ ಮತ, ಕೊರಿಂಥದವನೆಂದು ಕೆಲವರ ಮತ.

ಇವರೆಲ್ಲರ ಸೀಮೆಗಳಲ್ಲಿ ತನಗೆ ಧರ್ಮವಿಜಯವು ಲಭಿಸಿತೆಂದು ಅಶೋಕನು ಸಂತೋಷಪಡುತ್ತಾನೆ. ಆದರೆ ಆ ಕಾಲಕ್ಕೇ (೨೬೦–೨೫೩) ಅಂತಿಯೋಕನೂ ತುರಮಾಯನೂ ಪರಸ್ಪರ ಕಾದುತ್ತಿದ್ದರು! ದೊರೆತಿರುವ ಯವನಚರಿತ್ರೆಗಳಲ್ಲಿ ಅಶೋಕನ ದೂತರ ಸುಳಿವೇ ಇಲ್ಲ. ಚಕ್ರವರ್ತಿಯ ಮಾತಿನಲ್ಲಿ ಆಶೆಯ ಪಾಲು ಹೆಚ್ಚೆಂದೇ ಹೇಳಬೇಕು.

ಆದರೂ ಈ ಐದು ಹೆಸರುಗಳಿಂದಾದ ಉಪಕಾರವು ಅಲ್ಪವಲ್ಲ. ೧೮೩೮ರಲ್ಲಿ ಜೇಮ್ಸ್ ಪ್ರಿನ್ಸೆಪನು ಗಿರಿನಾರದ ಬಂಡೆಯಲ್ಲಿ ಅಂತಿಯೋಕನನ್ನು ಗುರುತಿಸುವವರೆಗೆ ಶಾಸನಗಳ ಕಾಲವನ್ನು ಊಹಿಸಬೇಕಾಗಿದ್ದಿತು. ಆಂಟಿಯೋಕಸನು ಪಟ್ಟವೇರಿದುದು ೨೬೧ರಲ್ಲಿ. ಎಪಿರಸಿನವನು ಮಡಿದುದು ಸುಮಾರು ೨೫೫ರಲ್ಲಿ. ಐವರೂ ಜೀವಿಸಿದ್ದ ಈ ಕಿರಿಯ ಅವಧಿಯಲ್ಲಿಯೇ, ಅಥವಾ ಮರಣವಾರ್ತೆಯು ಪಾಟಲೀಪುತ್ರಕ್ಕೆ ತಲಪುವಷ್ಟರೊಳಗೆ, ಶಾಸನವು ಹುಟ್ಟಿರಬೇಕು. ಅದು ಪಟ್ಟಾಭಿಷೇಕದ ಹನ್ನೆರಡು ಹದಿಮೂರು ವರ್ಷಗಳ ಮೇಲಿನದೆಂದು ಹಿಂದಕ್ಕೆಣಿಸಿದರೆ ಅಶೋಕನ ಅಭಿಷೇಕವು ಸುಮಾರು ೨೬೯ಕ್ಕೆ ಬರುವುದು. ೧೯೧೫ರಲ್ಲಿ ಮಸ್ಕಿಯಲ್ಲಿ ದೊರೆತ, ‘ಅಶೋಕ’ನೆಂಬ ಹೆಸರನ್ನೇ ಹೊತ್ತ ಶಾಸನಕ್ಕೂ, ೧೮೯೨ರಲ್ಲಿ ರೈಸ್ ಸಾಹೇಬರು ಬ್ರಹ್ಮಗಿರಿಯಲ್ಲಿ ಕಂಡುದಕ್ಕೂ ಕಾಲವನ್ನು ಹೇಳುವುದು ಈ ಎಣಿಕೆಯಿಂದಲೇ. ಕನ್ನಡನಾಡಿನ ಲಿಖಿತಚರಿತ್ರೆಯ ಮೊದಲ ವರ್ಷಗಳನ್ನು ಹೀಗೆ ಎಲ್ಲಿಯೋ ಮಡಿದ ಯವನರಾಜರ ಆಳಿಕೆಯಿಂದ ಅಳೆಯಬೇಕಾಗಿದೆ.

ಬ್ರಹ್ಮಗಿರಿಯ ಶಾಸನವನ್ನು ಬರೆದವನು ಚಪಡ. ಎಲ್ಲವನ್ನೂ ಬ್ರಾಹ್ಮಿಯಲ್ಲಿ ಬರೆದು, ತನ್ನ ಹೆಸರಿನ ಮುಂದೆ ‘ಲಿಪಿಕಾರ’ನೆಂಬ ಪದವನ್ನು ಮಾತ್ರ ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಬರೆದನು. ಆ ಲಿಪಿಯು ಗಾಂಧಾರದ ಕಡೆಯದು, ಅಂತಿಯೋಕನ ರಾಜ್ಯದ ನೆರೆಯದು. ಚಪಡನು ಅಲ್ಲಿಯವನೋ ಅಲ್ಲಿ ಕಲಿತವನೋ, ಅಂತೂ ಆ ಗಡಿನಾಡಿನ ಅಕ್ಷರವು ಚಿತ್ರದುರ್ಗದ ಸೀಮೆಯ ಬಂಡೆಯ ಮೇಲೆ ಇಂದಿಗೂ ಉಳಿದಿದೆ.