ಸೀತನಿ

ಸೀ ಎಂದರೆ ಸಿಹಿ. ಸೀನೀರು, ಸೀಯಾಳಗಳಲ್ಲಿರುವ ಸೀ ಅದೇ. ಅದಕ್ಕೆ ತೆನೆ ಸೇರಿ ‘ಸೀತೆನೆ’. ಮನೆ ‘ಮನಿ’ಯಾಗುವ ಉತ್ತರ ಕರ್ನಾಟಕದ ಮಾತಿನಲ್ಲಿ ಅದು ‘ಸೀತನಿ’. ಗಡಿಯಾಚೆಯ ಸಾಂಗಲಿ ಸೀಮೆಯಲ್ಲಿ ಕನ್ನಡ, ಮರಾಠಿ ಒಂದೇ ಅಂಗಳದ ಮಾತುಗಳು. ಮರಾಠಿಯಲ್ಲಿ ಇದೇ ‘ಹುರಡಾ’.

ಚಳಿಗಾಲದಲ್ಲಿ ಹಿಂಗಾರಿ ಜೋಳ ಹಾಲುಗಾಳು ದಾಟಿ ಬಲಿಯುವ ಮುನ್ನ ತೆನೆ ಮುರಿದು, ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿಬಿಸಿಯಾಗಿ ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿದರೆ ಹಸಿರು ಕಾಳು. ಜತೆಗೆ ಬೆಲ್ಲ, ಶೇಂಗಾ ಚಟ್ನಿ, ಮೊಸರು.

ಸೀತನಿ ತಿನ್ನಲು ನೆಂಟರನ್ನು ಹೊಲಕ್ಕೇ ಕರೆಯುವುದು ರೂಢಿ. ಹೀಗೆ ಹೊಲದ ಮನೆಯಲ್ಲಿ ಅತಿಥಿಗಳನ್ನು ಇರಿಸಿಕೊಳ್ಳುವ ‘ಅಗ್ರಿತುರಿಸ್ಮೊ’ಗೆ ಇಟಲಿ 1985ರಲ್ಲಿ ಕಾನೂನು ಮಾಡಿತು. ನಮ್ಮಲ್ಲಿ ‘ಸೀತನಿ ತಿನ್ನಾಕ ಬರ್ರಿ’ ಎಂಬ ಕರೆಯೇ ಸಾಕು. ಕೈ ಮಸಿಯಾದೀತು, ಹೊಗೆಗೆ ಕಣ್ಣೀರು ಬಂದೀತು. ಆದರೂ ಕರೆದರೆ ತಪ್ಪದೆ ಹೋಗಿ.