ಹಾಡಿಗೂ ಒಂದು ಹೆಸರಿದೆ

ಅಂತರಸಂತೆ ದಾಟಿ ಮಾನಂದವಾಡಿ ರಸ್ತೆ ಹಿಡಿದು ಕಾಡಿನ ಕಡೆ ಹೋದರೆ ಊರ ಹೆಸರುಗಳ ಬಾಲ ಬದಲಾಗುತ್ತದೆ. ಹಿಂದೆ ಉಳಿದ ಬಯಲಿನಲ್ಲಿ ಹಳ್ಳಿ, ಪುರ, ಹುಂಡಿ, ಕೊಪ್ಪಲು; ಮುಂದೆ ಬಳ್ಳೆ ಹಾಡಿ, ಗೋಳೂರು ಹಾಡಿ, ಆನೆಮಾಳದ ಹಾಡಿ. ಜೇನುಕುರುಬರು, ಬೆಟ್ಟಕುರುಬರು, ಯರವರು ಬಾಳುವ ನೆಲೆಗೆ ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣದ ಜನ ಬೇರೆ ಪದ ಹುಡುಕುವುದಿಲ್ಲ. ಅದು ಹಾಡಿ, ಅಷ್ಟೆ.

ಇದೇ ಮಾತನ್ನು ಕುಂದಾಪುರದಲ್ಲಿ ಆಡಿದರೆ ಕೇಳಿದವರ ಕಣ್ಣಿಗೆ ಕಟ್ಟುವುದು ಮನೆಗಳಲ್ಲ, ಮರಗಳು. ಅಲ್ಲಿ ಹಾಡಿ ಎಂದರೆ ಊರಂಚಿನ ಕಿರುಗಾಡು, ದರಗು ಗುಡಿಸಿ ತರುವ ಜಾಗ. ಹಳಗನ್ನಡದಲ್ಲಿ ನೆಲೆ, ಬೀಡು ಎಂಬ ಅರ್ಥದ ‘ಪಾಡಿ’ ಇತ್ತು. ಪಾಲು ಹಾಲಾದಂತೆ, ಪಳ್ಳಿ ಹಳ್ಳಿಯಾದಂತೆ ಪಾಡಿ ಹಾಡಿಯಾಯಿತು. ಬಾವಲಿ ಹೊಳೆ ದಾಟಿ ವಯನಾಡಿಗೆ ಹೋದರೆ ಹಳೆಯ ಪಕಾರ ಹಾಗೇ ಉಳಿದಿದೆ: ಚಹಾ ತೋಟದ ಕೂಲಿಕಾರರ ಸಾಲುಮನೆಗಳಿಗೆ ಅಲ್ಲಿ ಪಾಡಿ ಎನ್ನುತ್ತಾರೆ. ಕಾಡೂ ಮನೆಯೂ ಒಂದೇ ಪದದೊಳಗೆ ಕೂತಿರುವುದು ನನಗೆ ಆಕಸ್ಮಿಕವೆನಿಸುವುದಿಲ್ಲ. ಕಾಡಿನೊಳಗೇ ಮನೆ ಮಾಡಿದವರ ಬದುಕಿನಲ್ಲಿ ಎರಡನ್ನೂ ಬಿಡಿಸಿ ಹೇಳುವ ಅಗತ್ಯ ಎಲ್ಲಿತ್ತು?

ಸಣ್ಣ ನೆಲೆಯ ಹೆಸರು ಹೊತ್ತ ಮಾತು ದೊಡ್ಡ ಊರಿನೊಳಗೂ ಬಾಳಬಲ್ಲದು. ಮೈಸೂರಿನ ಒಂಟಿಕೊಪ್ಪಲನ್ನು ನೋಡಿ. ಕೊಪ್ಪಲು ಎಂದರೆ ಪುಟ್ಟ ಹಳ್ಳಿ; ಅದರಲ್ಲೂ ಇದು ಒಂಟಿ. 1903ರಲ್ಲಿ ನಗರಾಭಿವೃದ್ಧಿಗೆಂದು ವಿಶ್ವಸ್ತ ಮಂಡಳಿ ಹುಟ್ಟಿದ ಮೇಲೆ ಮೈಸೂರು ಬಡಾವಣೆಯ ಮೇಲೆ ಬಡಾವಣೆಯಾಗಿ ಹಬ್ಬಿತು, ಈ ಭಾಗಕ್ಕೆ ವಾಣಿವಿಲಾಸ ಮೊಹಲ್ಲಾ ಎಂಬ ಅರಮನೆಯ ಹೆಸರೂ ಬಂತು. ಆದರೂ ಒಂಟಿಕೊಪ್ಪಲು ಅಳಿಯಲಿಲ್ಲ. ಆ ಹೆಸರಿನ ಪಂಚಾಂಗ ನಾಡಿನ ಮನೆಮನೆ ತಲುಪಿತು. ಕುವೆಂಪು ಅವರ ‘ಉದಯರವಿ’ ಇರುವುದೂ ಅಲ್ಲೇ. ಕನ್ನೇಗೌಡನ ಕೊಪ್ಪಲು ಕೆ.ಜಿ. ಕೊಪ್ಪಲಾಗಿ ಗೌಡರ ಹೆಸರನ್ನು ಮೊಟಕು ಮಾಡಿಕೊಂಡಿತೇ ಹೊರತು ಕೊಪ್ಪಲನ್ನು ಬಿಡಲಿಲ್ಲ. ಪಡುವಾರಹಳ್ಳಿ ಮಾತ್ರ ಕಾಗದದಲ್ಲಿ ವಿನಾಯಕನಗರವಾಯಿತು. ಜನರ ಬಾಯಲ್ಲಿ ಅದು ಇವತ್ತಿಗೂ ಪಡುವಾರಹಳ್ಳಿಯೇ.

ಕೊಪ್ಪಲಿಗೆ ಈ ಭಾಗ್ಯ ಬಂದದ್ದು ಅದು ಕದಲದೆ ನಿಂತಿದ್ದರಿಂದ. ನಗರ ತಾನಾಗಿ ಅದರ ಬಳಿಗೆ ಬಂತು. ಹಾಡಿಯ ಪಾಡು ಬೇರೆ: ಅದನ್ನೇ ಎಬ್ಬಿಸಿ ಕಳಿಸಿದರು. ಬೀಚನಹಳ್ಳಿಯಲ್ಲಿ ಕಬಿನಿಗೆ ಕಟ್ಟಿದ ಅಣೆಕಟ್ಟು 1974ರಲ್ಲಿ ಮುಗಿಯಿತು; ಹಿನ್ನೀರು ಊರುಗಳನ್ನೂ ಕಾಡನ್ನೂ ನುಂಗಿತು. 1972ರ ವನ್ಯಜೀವಿ ಕಾಯ್ದೆಯ ನಂತರ ನಾಗರಹೊಳೆಯ ಒಳಗಿದ್ದವರಿಗೆ ಕಾಡೇ ಪರವಾನಗಿ ಕೇಳುವ ಜಾಗವಾಯಿತು. ಹೊರಗೆ ಬಂದವರಿಗೆ ಹುಣಸೂರಿನ ನಾಗಾಪುರದಂಥ ಪುನರ್ವಸತಿ ಕೇಂದ್ರಗಳಲ್ಲಿ ಮನೆ, ಹೊಲ ಕೊಟ್ಟರು. ಕೇಂದ್ರ ಎನ್ನುವುದು ಕಚೇರಿಯ ಮಾತು. ಯಾವ ಮಗುವೂ ‘ನಮ್ಮೂರು ಪುನರ್ವಸತಿ ಕೇಂದ್ರ’ ಎಂದು ಹೆಮ್ಮೆಯಿಂದ ಹೇಳಲಾರದು.

ಕಾನೂನಿನ ಪುಸ್ತಕಕ್ಕೆ ಈ ಪದ ತಡವಾಗಿಯಾದರೂ ಬಂದಿದೆ. ಬೇರೆಯವರ ಜಮೀನಿನ ಮೇಲಿರುವ, ದಾಖಲೆಗೆ ಸೇರದ ಜನವಸತಿಗಳ ನಿವಾಸಿಗಳಿಗೆ ಮನೆಯ ಹಕ್ಕು ಕೊಡಲೆಂದು ಕರ್ನಾಟಕ ಭೂಸುಧಾರಣಾ ಕಾಯ್ದೆಗೆ ತಂದ ತಿದ್ದುಪಡಿಯಲ್ಲಿ ತಾಂಡಾ, ಗೊಲ್ಲರಹಟ್ಟಿ, ದೊಡ್ಡಿ, ಪಾಳ್ಯ, ಕ್ಯಾಂಪುಗಳ ಜೊತೆ ಹಾಡಿಯ ಹೆಸರೂ ಇದೆ. ಆದರೆ ಕಾಡಿನೊಳಗಿನ ಹಾಡಿಗೆ ಇದಕ್ಕಿಂತ ಮುಖ್ಯವಾದದ್ದು 2006ರ ಅರಣ್ಯ ಹಕ್ಕು ಕಾಯ್ದೆ. ಅದರ ನಿಯಮಗಳ ಪ್ರಕಾರ ಹಕ್ಕು ಸಾಬೀತುಪಡಿಸಲು ಸರ್ಕಾರಿ ಕಾಗದವೊಂದೇ ದಾರಿಯಲ್ಲ. ಹಳೆಯ ಮನೆಯ ಗುರುತು, ಬಾವಿ, ಸಮಾಧಿ, ದೇವರ ಬನ ಸಾಕ್ಷಿಯಾಗುತ್ತವೆ. ಹಿರಿಯರಿಂದ ಕೇಳಿ ಬರೆದುಕೊಂಡ ಹೇಳಿಕೆಯೂ ಸಾಕ್ಷಿಯೇ. ಎಂದರೆ, ತಾನು ಹುಟ್ಟಿದ ಹಾಡಿ ಯಾವುದು, ಅದು ಯಾವ ಹಳ್ಳದ ದಂಡೆಯಲ್ಲಿತ್ತು, ಅಲ್ಲಿ ಯಾವ ದೇವರಿತ್ತು ಎಂದು ಮುದುಕಿಯೊಬ್ಬಳು ಹೇಳುವ ಮಾತಿಗೆ ಕಚೇರಿಯಲ್ಲಿ ಬೆಲೆಯಿದೆ. ಅಂತರಸಂತೆ ಸುತ್ತಲಿನ ಶಾಲೆಗಳ ಮೇಷ್ಟರು ಮಕ್ಕಳ ಕೈಗೆ ಪುಸ್ತಕ, ಪೆನ್ನು ಕೊಟ್ಟು ಆ ಹೆಸರುಗಳನ್ನು ಅಜ್ಜಿಯರ ಬಾಯಿಂದ ಕೇಳಿ ಬರೆಸಬೇಕು, ಈ ವರ್ಷವೇ.